ಉಳುಕಿದ ಹರಡು, ಹಿಡ್ಕೊಂಡ ಹಿಮ್ಮಡಿ, ಸೋತ ಮೊಣಕೈ: ಆಪರೇಷನ್ ಇಲ್ದೆ ಸರಿ ಮಾಡ್ಕೊಳ್ಳೋದು ಹೇಗೆ

ವಾಲಿಬಾಲ್ ಆಡೋರಿಗೆ ಇದನ್ನ ವಿವರಿಸೋದೇ ಬೇಡ. ಬ್ಲಾಕ್‌ಗೆ ಹಾರಿ ಇಳಿಯೋವಾಗ ನೆಟ್ ಕೆಳಗೆ ಎದುರು ಟೀಮಿನೋನ ಪಾದ ಇರತ್ತೆ, ಅದರ ಮೇಲೆ ನಮ್ಮ ಪಾದ ಬೀಳತ್ತೆ, ಹರಡು, ಅಂದ್ರೆ ಪಾದಕ್ಕೂ ಕಾಲಿಗೂ ನಡುವಿನ ಕೀಲು, ಒಳಗಡೆಗೆ ಮಗುಚ್ಕೊಳ್ಳತ್ತೆ, ಟಪ್ ಅಂತ ಒಂದು ಸದ್ದು, ಮುಗೀತು. ನಂಗೆ ಮೂರು ಸಲ ಉಳುಕಿದೆ, ಮೂರೂ ಸಲ ಬಲಗಾಲೇ. ಮೊದಲನೇದು ತೀರ್ಥಹಳ್ಳಿ ಕಡೆ ಒಂದು ಹೊನಲು ಬೆಳಕಿನ ಪಂದ್ಯಾವಳೀಲಿ, ಎರಡನೇದು ತೋಟದ ಬಸಿಗಾಲುವೆ ದಾಟೋವಾಗ, ಮೂರನೇದು ಬೆಂಗಳೂರಲ್ಲಿ ಫೋನ್ ನೋಡ್ಕೊಂಡು ಫುಟ್‌ಪಾತಿನ ಎದ್ದಿರೋ ಕಲ್ಲು ತುಳಿದು. ಎರಡು ಮತ್ತೆ ಮೂರು ಆಗಿದ್ದೇ ಒಂದನ್ನ ಸರಿಯಾಗಿ ವಾಸಿ ಮಾಡ್ಕೊಳ್ಳದೇ ಇದ್ದಿದ್ದಕ್ಕೆ ಅಂತ ಅರ್ಥ ಆಗೋಕೆ ನಾಲ್ಕು ವರ್ಷ ಹಿಡೀತು.

ನಾನು ಡಾಕ್ಟರ್ ಅಲ್ಲ, ಫಿಸಿಯೋನೂ ಅಲ್ಲ. ಒಳ್ಳೆ ಫಿಸಿಯೋ ಒಬ್ರ ಹತ್ರ ಕಲಿತಿದ್ದು, ಆಮೇಲೆ ಹುಚ್ಚು ಹಿಡಿದೋನ ಥರ ಓದಿದ್ದು, ನಮ್ಮನೇಲೇ ಬೇರೆಬೇರೆಯೋರಿಗೆ ಆಗಿದ್ದು, ಇಷ್ಟು ಸೇರಿಸಿ ಬರೀತಾ ಇದೀನಿ.

ಮೊದಲು ಒಂದು ಮಾತು. ನಮ್ ಕಡೆ ಎಲ್ಲದಕ್ಕೂ "ನರ ಎಳೆದಿದೆ", "ನರದ ಮೇಲೆ ನರ ಹತ್ತಿದೆ" ಅಂತಾರಲ್ಲ, ಅದು ನರ ಅಲ್ಲ. ಮೂಳೆಗೂ ಮೂಳೆಗೂ ಕಟ್ಟಿರೋದು ಲಿಗಮೆಂಟ್, ಮಾಂಸಖಂಡಕ್ಕೂ ಮೂಳೆಗೂ ಕಟ್ಟಿರೋದು ಟೆಂಡನ್. ಎರಡೂ ಹಗ್ಗ ಇದ್ದ ಹಾಗೆ, ಎರಡಕ್ಕೂ ರಕ್ತ ಕಮ್ಮಿ ಹೋಗತ್ತೆ, ಅದಕ್ಕೇ ಚರ್ಮದ ಗಾಯ ವಾರದಲ್ಲಿ ಒಣಗಿದ್ರೆ ಇವು ತಿಂಗಳುಗಟ್ಟಲೆ ತಗೊಳ್ಳತ್ತೆ. ಹರಿದ ಜಾಗದಲ್ಲಿ ದೇಹ ಹೊಸ ನಾರು ಹಾಕತ್ತೆ, ಆದ್ರೆ ಮೊದಲು ಹಾಕೋದು ತೆಂಗಿನ ನಾರಿನ ಗುಂಜಿನ ಥರ ಅಡ್ಡಾದಿಡ್ಡಿ. ಅದು ಹೊಸೆದು ಹಗ್ಗ ಆಗ್ಬೇಕಂದ್ರೆ ಎಳೆತ ಬೇಕು, ದಿನಾ, ಅಳತೆಯಲ್ಲಿ, ಸ್ವಲ್ಪ ಸ್ವಲ್ಪ ಜಾಸ್ತಿ ಮಾಡ್ಕೊಂಡು. ನೋವು ಹೋಗೋದು ಗುಂಜು ಇರೋವಾಗ್ಲೇ. ಅಲ್ಲಿಗೆ ನಾವು ವಾಸಿ ಆಯ್ತು ಅಂತ ಬಿಟ್ಬಿಡ್ತೀವಿ, ಆರು ತಿಂಗಳಿಗೆ ಅದೇ ಕಾಲು ಮತ್ತೆ ಹೋಗತ್ತೆ.

ಮೊದಲು ಮೂಳೆ ವಿಚಾರ ಮುಗಿಸಿ

ಉಳುಕಿದ ತಕ್ಷಣ ಎಲ್ರೂ ಕೇಳೋದು ಎಕ್ಸ್‌ರೇ ಬೇಕಾ ಅಂತ. ಇದಕ್ಕೆ ಕೆನಡಾದ ಒಟ್ಟಾವದ ಡಾಕ್ಟರ್‌ಗಳು 1992ರಲ್ಲೇ ಒಂದು ಸರಳ ನಿಯಮ ಮಾಡಿಟ್ಟಿದ್ದಾರೆ, ಇವತ್ತಿಗೂ ಪ್ರಪಂಚದ ಎಮರ್ಜೆನ್ಸಿ ವಾರ್ಡ್‌ಗಳಲ್ಲಿ ಅದನ್ನೇ ಬಳಸ್ತಾರೆ. ಹರಡಿನ ಒಳಗೆ ಹೊರಗೆ ಎರಡು ಕಡೆ ಮೂಳೆ ಉಬ್ಬಿರತ್ತಲ್ಲ, ಆ ಉಬ್ಬಿನ ತುದೀನ ಮತ್ತೆ ಅದರ ಹಿಂದಿನ ಅಂಚನ್ನ ಮೇಲಕ್ಕೆ 6 ಸೆಂಟಿಮೀಟರ್ ತನಕ ಬೆರಳಲ್ಲಿ ಒತ್ತಿ ನೋಡಿ. ಆಮೇಲೆ ಪಾದದ ಹೊರ ಅಂಚಲ್ಲಿ, ಕಿರುಬೆರಳಿಂದ ಹಿಮ್ಮಡಿ ಕಡೆಗೆ ಸವರ್ಕೊಂಡು ಬಂದ್ರೆ ಅರ್ಧ ದಾರೀಲಿ ಒಂದು ಗುಬುಟು ಸಿಗತ್ತೆ, ಅದನ್ನ ಒತ್ತಿ. ಒಳ ಅಂಚಲ್ಲಿ ಹರಡಿಗಿಂತ ಸ್ವಲ್ಪ ಮುಂದೆ, ಕೆಳಗೆ ಇರೋ ಮೂಳೇನೂ ಒತ್ತಿ. ಇವುಗಳಲ್ಲಿ ಎಲ್ಲಾದ್ರೂ ಮೂಳೆ ಮೇಲೇ ಜೀವ ಹೋಗೋ ಹಾಗೆ ನೋವಾದ್ರೆ ಎಕ್ಸ್‌ರೇ. ಬಿದ್ದ ತಕ್ಷಣಾನೂ, ಈಗ ಒತ್ತಿ ನೋಡೋ ಹೊತ್ತಿಗೂ ನಾಲ್ಕು ಹೆಜ್ಜೆ ಹಾಕೋಕೆ ಆಗ್ಲಿಲ್ಲ ಅಂದ್ರೂ ಎಕ್ಸ್‌ರೇ. ಕುಂಟ್ಕೊಂಡು ಹಾಕಿದ್ರೂ ಹೆಜ್ಜೆ ಹೆಜ್ಜೇನೇ, ಲೆಕ್ಕಕ್ಕೆ ಬರತ್ತೆ. ಇದ್ಯಾವ್ದೂ ಇಲ್ಲ ಅಂದ್ರೆ ಮೂಳೆ ಮುರಿದಿರೋ ಸಾಧ್ಯತೆ ತುಂಬಾ ಕಮ್ಮಿ.

ಚಿಕ್ಕ ಮಕ್ಕಳಿಗೆ, ಕುಡಿದಿರೋರಿಗೆ, ಶುಗರ್ ಇದ್ದು ಪಾದ ಜೋಮು ಹಿಡಿದಿರೋರಿಗೆ ಈ ನಿಯಮ ನಂಬ್ಬೇಡಿ, ಸೀದಾ ತೋರಿಸಿ. ಕಾಲು ಸೊಟ್ಟ ತಿರುಗಿದ್ರೆ, ಬೆರಳು ತಣ್ಣಗಾಗಿ ಬಿಳಿಚ್ಕೊಂಡ್ರೆ, ಕೀಲು ಬಿಸಿಯಾಗಿ ಕೆಂಪಾಗಿ ಜ್ವರಾನೂ ಬಂದ್ರೆ ಇದನ್ನ ಓದ್ತಾ ಕೂರ್ಬೇಡಿ, ಎದ್ದು ಆಸ್ಪತ್ರೆಗೆ ಹೋಗಿ.

ನಾಟಿ ಕಟ್ಟು ಹಾಕಿಸೋ ವಿಚಾರ ಇಲ್ಲೇ ಹೇಳ್ಬಿಡ್ತೀನಿ, ಬೈಕೊಂಡ್ರೂ ಪರವಾಗಿಲ್ಲ. ಹಚ್ಚೋ ಎಲೆ, ಮೊಟ್ಟೆ ಬಿಳಿ, ಅರಿಶಿನ ಇವುಗಳ ಬಗ್ಗೆ ನಂಗೆ ಜಗಳ ಇಲ್ಲ. ಜಗಳ ಇರೋದು ಬಿದಿರು ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿ ವಾರ ಬಿಚ್ಬೇಡಿ ಅನ್ನೋದ್ರ ಬಗ್ಗೆ. ಒಳಗಡೆ ಊತ ಏರ್ತಾ ಇರತ್ತೆ, ಹೊರಗಡೆ ಕಟ್ಟು ಸಡಿಲ ಆಗಲ್ಲ, ರಕ್ತ ಓಡಾಡಲ್ಲ, ಹಾಗೆ ಕಾಲೇ ಕಳ್ಕೊಂಡೋರು ಇದ್ದಾರೆ. ಇನ್ನೊಂದು, ಹೊಸದಾಗಿ ಉಳುಕಿದ್ದನ್ನ ಗಟ್ಟಿಯಾಗಿ ನೀವಿಸೋದು. ನಂಗೆ ಮೊದಲನೇ ಸಲ ನಮ್ಮೂರಲ್ಲಿ ಒಬ್ರು ಎಣ್ಣೆ ಹಾಕಿ "ಉಳುಕು ತೆಗೆದ್ರು", ಟಕ್ ಅಂತು, ಸುತ್ತ ನಿಂತೋರೆಲ್ಲ ಹಾ ಬಂತು ಅಂದ್ರು, ಬೆಳಿಗ್ಗೆ ಏಳೋಷ್ಟ್ರಲ್ಲಿ ಕಾಲು ಹಲಸಿನಕಾಯಿ ಆಗಿತ್ತು.

ಮೊದಲ ಮೂರು ನಾಲ್ಕು ದಿನ

ರೆಸ್ಟ್, ಐಸ್, ಬಿಗಿ ಕಟ್ಟು, ಕಾಲು ಮೇಲಿಡೋದು, ಈ ನಾಲ್ಕನ್ನ ಸೇರಿಸಿ ಇಂಗ್ಲಿಷಲ್ಲಿ ರೈಸ್ ಅಂತಾರಲ್ಲ, ಆ ಹೆಸರು ಕೊಟ್ಟಿದ್ದು ಗೇಬ್ ಮಿರ್ಕಿನ್ ಅನ್ನೋ ಅಮೆರಿಕದ ಡಾಕ್ಟರ್, 1978ರಲ್ಲಿ. ತಮಾಷೆ ಅಂದ್ರೆ 2014ರ ಹೊತ್ತಿಗೆ ಅವರೇ ಐಸು ಮತ್ತೆ ಪೂರ್ತಿ ರೆಸ್ಟು ವಾಸಿ ಆಗೋದನ್ನ ತಡ ಮಾಡ್ಬಹುದು ಅಂತ ಬರೆದ್ರು. ಹಾಗಂತ ಐಸ್ ವಿಷ ಅಲ್ಲ. ನೋವಿಗೆ ಹಾಯೆನಿಸತ್ತೆ, ಅಷ್ಟಕ್ಕೆ ಬಳಸಿ, ಬಟ್ಟೇಲಿ ಸುತ್ತಿ 10 ನಿಮಿಷ, ದಿನಕ್ಕೆ ಮೂರ್ನಾಲ್ಕು ಸಲ, ಮೊದಲೆರಡು ದಿನ ಸಾಕು. ಬರೀ ಚರ್ಮದ ಮೇಲೆ ಇಟ್ಟು ಸುಟ್ಕೋಬೇಡಿ. ಬಿಸಿ ನೀರಿನ ಶಾಖ ಈ ಮೂರು ದಿನ ಬೇಡ.

ಕ್ರೇಪ್ ಬ್ಯಾಂಡೇಜ್ ಕಟ್ಟೋದು ಎಲ್ರಿಗೂ ಬರತ್ತೆ ಅಂದ್ಕೊಂಡಿರ್ತೀವಿ, ಹತ್ತರಲ್ಲಿ ಎಂಟು ಜನ ಹರಡಿನ ಮೇಲೆ ಮಾತ್ರ ಸುತ್ತಿರ್ತಾರೆ, ಆಗ ನೀರೆಲ್ಲ ಪಾದಕ್ಕಿಳಿದು ಬೆರಳು ಬೋಂಡ ಆಗತ್ತೆ. ಪಾದಾನ ಮೇಲಕ್ಕೆ ಎತ್ತಿ, ಕಾಲಿಗೂ ಪಾದಕ್ಕೂ ಇಂಗ್ಲಿಷಿನ ಎಲ್ ಆಕಾರ ಬರೋ ಹಾಗೆ ಇಟ್ಕೊಳ್ಳಿ. ಬೆರಳಿನ ಬುಡದಿಂದ ಶುರು ಮಾಡಿ, ಎರಡು ಸುತ್ತು ಅಲ್ಲೇ, ಆಮೇಲೆ ಪಾದದ ಮೇಲಿಂದ ಹರಡಿನ ಹಿಂದಕ್ಕೆ, ಅಲ್ಲಿಂದ ವಾಪಸ್ ಪಾದದ ಅಡಿಗೆ, ಎಂಟರ ಥರ. ಪ್ರತಿ ಸುತ್ತು ಹಿಂದಿನ ಸುತ್ತಿನ ಅರ್ಧ ಮುಚ್ಬೇಕು, ಹಿಮ್ಮಡೀನೂ ಮುಚ್ಬೇಕು, ಕೆಳಗೆ ಸ್ವಲ್ಪ ಬಿಗಿ ಮೇಲೆ ಹೋಗ್ತಾ ಸಡಿಲ. ಮುಗಿದ ಮೇಲೆ ಹೆಬ್ಬೆರಳಿನ ಉಗುರು ಒತ್ತಿ ಬಿಡಿ, ಬೆಳ್ಳಗಾಗಿದ್ದು ಎರಡು ಸೆಕೆಂಡಲ್ಲಿ ಮತ್ತೆ ಕೆಂಪಾಗ್ಬೇಕು. ಆಗ್ಲಿಲ್ಲ ಅಂದ್ರೆ ಬಿಚ್ಚಿ ಕಟ್ಟಿ. ರಾತ್ರಿ ಮಲಗೋವಾಗ ತೆಗೀರಿ, ಕಾಲ ಕೆಳಗೆ ಎರಡು ದಿಂಬು.

ನೋವಿಗೆ ಪ್ಯಾರಾಸಿಟಮಾಲ್, ಇಲ್ಲಾ ಡೈಕ್ಲೋಫಿನಾಕ್ ಜೆಲ್ ತೆಳ್ಳಗೆ ಸವರೋದು. ಹೊಸ ಉಳುಕಿಗೆ ಜೆಲ್ ನಿಜವಾಗ್ಲೂ ಕೆಲಸ ಮಾಡತ್ತೆ, ಹೊಟ್ಟೆ ಕೆಡಿಸಲ್ಲ. ಮೆಡಿಕಲ್ ಶಾಪಲ್ಲಿ "ನೋವಿಂದು ಎರಡು ಕೊಡಿ" ಅಂತ ಕೇಳಿ ತಗೊಳ್ಳೋ ಮಾತ್ರೆ ಬಿಪಿ, ಕಿಡ್ನಿ, ಅಲ್ಸರ್ ಇರೋರಿಗೆ ಒಳ್ಳೇದಲ್ಲ, ಡಾಕ್ಟರನ್ನ ಕೇಳದೆ ನುಂಗ್ಬೇಡಿ.

ಪೂರ್ತಿ ಮಂಚ ಹತ್ತೋದು ಬೇಡ. ಎರಡನೇ ದಿನದಿಂದಲೇ ಕೋಲೋ ಕ್ರಚಸ್ಸೋ ಹಿಡ್ಕೊಂಡು, ನೋವು ಸಹಿಸೋಷ್ಟು ಭಾರ ಹಾಕಿ ನಡೀಬೇಕು. ಕೋಲು ಹಿಡಿಯೋದು ಒಳ್ಳೇ ಕಾಲಿನ ಕಡೆ ಕೈಯಲ್ಲಿ, ಇದನ್ನ ಎಲ್ರೂ ಉಲ್ಟಾ ಮಾಡ್ತಾರೆ. ಒಂದು ವಿನಾಯಿತಿ ಇದೆ. ಹೆಜ್ಜೇನೇ ಇಡೋಕಾಗದಷ್ಟು ಜೋರು ಉಳುಕಾದ್ರೆ 10 ದಿನ ಮೊಣಕಾಲ ಕೆಳಗಿಂದ ಪ್ಲಾಸ್ಟರ್ ಹಾಕಿದೋರು ಬರೀ ಟ್ಯೂಬ್ ಬ್ಯಾಂಡೇಜ್ ಹಾಕ್ಕೊಂಡೋರಿಗಿಂತ ಬೇಗ ಚೇತರಿಸ್ಕೊಂಡ್ರು ಅಂತ ಇಂಗ್ಲೆಂಡಲ್ಲಿ 584 ಜನರ ಮೇಲೆ ಮಾಡಿ 2009ರಲ್ಲಿ ಬಂದ ಪರೀಕ್ಷೇಲಿ ಗೊತ್ತಾಯ್ತು. ಹಾಗಾಗಿ ಡಾಕ್ಟರ್ ಪ್ಲಾಸ್ಟರ್ ಅಂದ್ರೆ ದುಡ್ಡಿಗೆ ಹೇಳ್ತಿದಾರೆ ಅಂತ ಅನುಮಾನ ಪಡ್ಬೇಡಿ, ಆದ್ರೆ ಒಂದೂವರೆ ತಿಂಗಳು ಅಂದ್ರೆ ಯಾಕೆ ಅಂತ ಕೇಳಿ.

ಭಾರ ಹಾಕೋ ಕೆಲಸ

ಇಲ್ಲಿಂದ ಮುಂದಕ್ಕೇ ನಿಜವಾದ ಚಿಕಿತ್ಸೆ, ಇಲ್ಲೇ ಎಲ್ರೂ ಕೈ ಬಿಡೋದು.

ಮೂರನೇ ನಾಲ್ಕನೇ ದಿನಕ್ಕೆ, ಕುರ್ಚಿ ಮೇಲೆ ಕೂತು ಕಾಲು ಚಾಚಿ, ಹೆಬ್ಬೆರಳಲ್ಲಿ ಗಾಳೀಲಿ ಅಕ್ಷರ ಬರೀರಿ. ವಿಡಿಯೋಗಳಲ್ಲಿ ಎಬಿಸಿಡಿ ಬರೆಯೋಕೆ ಹೇಳ್ತಾರೆ, ನಾನು ಅಆಇಈ ಬರೆದೆ, ನಮ್ಮ ಅಕ್ಷರ ಎಲ್ಲಾ ದುಂಡಗೆ ಇರೋದ್ರಿಂದ ಹರಡು ಎಲ್ಲಾ ದಿಕ್ಕಿಗೂ ತಿರುಗತ್ತೆ. "ಈ" ಬರೆಯೋವಾಗ ನೋವು, "ಳ" ಬರೆಯೋವಾಗ ಕಣ್ಣಲ್ಲಿ ನೀರು, "ಕ್ಷ" ಬರೆಯೋಕಾದ ದಿನ ಹೆಂಡ್ತಿಗೆ ಕರೆದು ತೋರಿಸಿದೆ. ಮೊಣಕಾಲು ಅಲ್ಲಾಡಿಸ್ಬಾರದು, ಪಾದ ಮಾತ್ರ. ದಿನಕ್ಕೆ ಎರಡು ಸಲ ಇಡೀ ವರ್ಣಮಾಲೆ.

ವಾರ ಆದ್ಮೇಲೆ ಸೈಕಲ್ ಶಾಪಿಗೆ ಹೋಗಿ ಹಳೇ ಟ್ಯೂಬ್ ಒಂದು ತಗೊಳ್ಳಿ, ವಾಲ್ವ್ ಇರೋ ಭಾಗ ಕತ್ತರಿಸಿ ಬಿಸಾಕಿ. ಆನ್‌ಲೈನಲ್ಲಿ ಬರೋ ಬಣ್ಣದ ರಬ್ಬರ್ ಬ್ಯಾಂಡೂ ಆಗತ್ತೆ, ಆದ್ರೆ ಟ್ಯೂಬು ಹೆಚ್ಚುಕಮ್ಮಿ ಬಿಟ್ಟಿ ಸಿಗತ್ತೆ, ಗಟ್ಟೀನೂ ಇರತ್ತೆ. ಅದನ್ನ ಮಂಚದ ಕಾಲಿಗೆ ಕಟ್ಟಿ ಇನ್ನೊಂದು ತುದೀನ ಪಾದದ ಮುಂಭಾಗಕ್ಕೆ ಸಿಗಿಸಿ, ಪಾದಾನ ಹೊರಗಡೆಗೆ ತಿರುಗಿಸಿ ಎಳೀಬೇಕು, ಮೂರೆಣಿಸಿ ಹೊರಗೆ, ಮೂರೆಣಿಸಿ ನಿಧಾನಕ್ಕೆ ವಾಪಸ್, 15 ಸಲ, ಮೂರು ಸುತ್ತು. ಹೊರಗಡೆಗೆ ಎಳೆಯೋ ಆ ಖಂಡ ಇದೆಯಲ್ಲ, ಕಾಲಿನ ಹೊರಬದೀಲಿ ಉದ್ದಕ್ಕೆ ಇರೋದು, ಕಲ್ಲು ತುಳಿದು ಪಾದ ಮಗುಚೋಕೆ ಹೋದಾಗ ಹಿಡಿದು ನಿಲ್ಲಿಸೋದು ಅದೇ. ಮಿಕ್ಕ ವ್ಯಾಯಾಮ ತಪ್ಪಿಸಿದ್ರೂ ಇದನ್ನ ತಪ್ಪಿಸ್ಬೇಡಿ.

ಜೊತೆಗೆ ಗೋಡೆ ಲೆಕ್ಕ. ಗೋಡೆಗೆ ಮುಖ ಮಾಡಿ ನಿಂತು, ಹಿಮ್ಮಡಿ ನೆಲ ಬಿಡದ ಹಾಗೆ ಮಂಡೀನ ಗೋಡೆಗೆ ತಾಗಿಸಿ. ತಾಗಿದ್ರೆ ಪಾದ ಒಂದು ಬೆರಳು ಹಿಂದೆ ತಗೊಳ್ಳಿ, ಮತ್ತೆ ತಾಗಿಸಿ. ಒಳ್ಳೇ ಕಾಲಲ್ಲಿ ಎಷ್ಟು ದೂರದಿಂದ ತಾಗತ್ತೆ, ಉಳುಕಿದ್ದರಲ್ಲಿ ಎಷ್ಟು ಅಂತ ಕ್ಯಾಲೆಂಡರ್ ಮೇಲೆ ಬರೆದಿಡಿ. ನಂದು ಶುರೂನಲ್ಲಿ ನಾಲ್ಕು ಬೆರಳು ಕಮ್ಮಿ ಇತ್ತು. ಈ ವ್ಯತ್ಯಾಸ ಹೋಗೋ ತನಕ ಇಂಡಿಯನ್ ಟಾಯ್ಲೆಟ್ಟಲ್ಲಿ ಕೂತ್ರೆ ಹಿಮ್ಮಡಿ ಎದ್ದೇಳತ್ತೆ, ವಜ್ರಾಸನ ಅಂತೂ ಬೇಡವೇ ಬೇಡ. ಪಾದ ಹಿಂದಕ್ಕೆ ಚಾಚಿ ಅದರ ಮೇಲೆ ಕೂತಾಗ ಹರಿದ ಲಿಗಮೆಂಟ್ ಅದೇ ದಿಕ್ಕಲ್ಲಿ ಎಳೆಯತ್ತೆ. ಆರು ವಾರ ಸ್ಟೂಲ್ ಹಾಕ್ಕೊಂಡು ದೇವರ ಪೂಜೆ ಮಾಡಿದ್ರೆ ದೇವರೇನೂ ಕೋಪ ಮಾಡ್ಕೊಳ್ಳಲ್ಲ.

ಆಮೇಲೆ ಒಂಟಿ ಕಾಲಲ್ಲಿ ನಿಲ್ಲೋದು. ಲಿಗಮೆಂಟ್ ಹರಿದಾಗ ಪಾದ ಎಲ್ಲಿದೆ ಅಂತ ಮೆದುಳಿಗೆ ಹೇಳೋ ಸುದ್ದೀನೂ ಮಂಕಾಗಿರತ್ತೆ, ನೋವೆಲ್ಲ ಹೋದ್ಮೇಲೂ ಅದು ಮಂಕಾಗೇ ಇರತ್ತೆ. ಬೆಳಿಗ್ಗೆ ಹಲ್ಲುಜ್ಜೋವಾಗ ಉಳುಕಿದ ಕಾಲ ಮೇಲೆ ನಿಂತ್ಕೊಳ್ಳಿ, ಸಿಂಕ್ ಕೈಗೆ ಸಿಗೋಷ್ಟು ಹತ್ರ. 30 ಸೆಕೆಂಡ್ ಅಲ್ಲಾಡದೆ ನಿಲ್ಲೋಕೆ ಬಂದ್ಮೇಲೆ ಮಡಚಿದ ಕಂಬಳಿ ಮೇಲೆ, ಆಮೇಲೆ ಗೋಡೆಗೆ ಬಾಲ್ ಎಸೆದು ಹಿಡ್ಕೊಂಡು, ಕೊನೇಗೆ ಕಣ್ಣು ಮುಚ್ಕೊಂಡು. ನೆದರ್‌ಲ್ಯಾಂಡ್ಸಲ್ಲಿ ಹರಡು ಉಳುಕಿದ್ದ 522 ಆಟಗಾರರಲ್ಲಿ ಅರ್ಧ ಜನಕ್ಕೆ 8 ವಾರ ಮನೇಲೇ ಬ್ಯಾಲೆನ್ಸ್ ವ್ಯಾಯಾಮ ಮಾಡೋಕೆ ಕೊಟ್ಟು ನೋಡಿದ್ರು, 2009ರಲ್ಲಿ ಫಲಿತಾಂಶ ಬಂತು. ಮುಂದಿನ ಒಂದು ವರ್ಷದಲ್ಲಿ ಮತ್ತೆ ಉಳುಕಿಸ್ಕೊಂಡೋರು ವ್ಯಾಯಾಮ ಮಾಡದೇ ಇದ್ದೋರಲ್ಲಿ ನೂರಕ್ಕೆ 33, ಮಾಡಿದೋರಲ್ಲಿ 22. ಯಾರೂ ಪಕ್ಕದಲ್ಲಿ ನಿಂತು ಮಾಡಿಸ್ಲಿಲ್ಲ, ಬರೀ ಮನೇಲಿ.

ಆಟಕ್ಕೆ ಯಾವಾಗ ವಾಪಸ್ ಅಂದ್ರೆ, ವಾರ ಎಣಿಸ್ಬೇಡಿ, ಕೆಲಸ ಎಣಿಸಿ. ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತೋದು ಒಳ್ಳೇ ಕಾಲಲ್ಲಿ 25 ಆದ್ರೆ ಇದರಲ್ಲೂ ಹತ್ರಹತ್ರ ಅಷ್ಟೇ ಆಗ್ಬೇಕು. ಒಂಟಿ ಕಾಲಲ್ಲಿ ಕುಂಟಾಬಿಲ್ಲೆ ಥರ ಮುಂದಕ್ಕೆ ಪಕ್ಕಕ್ಕೆ ಹಾರಿ ನೆಟ್ಟಗೆ ನಿಲ್ಲೋಕಾಗ್ಬೇಕು, ಎಂಟರ ಆಕಾರದಲ್ಲಿ ಓಡೋಕಾಗ್ಬೇಕು, ಮರುದಿನ ಬೆಳಿಗ್ಗೆ ಊದಿರ್ಬಾರದು. ಸಣ್ಣ ಉಳುಕಾದ್ರೆ ಇದು ಎರಡು ಮೂರು ವಾರ, ದೊಡ್ಡದಾದ್ರೆ ಮೂರು ತಿಂಗಳು. ಆಮೇಲೂ ಆಟಕ್ಕೆ ಮಾತ್ರ ಲೇಸ್ ಇರೋ ಆಂಕಲ್ ಬ್ರೇಸ್ ಹಾಕಿ, ಆರು ತಿಂಗಳಿಂದ ವರ್ಷ. ಮನೇಲಿ ದಿನವಿಡೀ ಹಾಕ್ಕೊಂಡಿರೋದು ಬೇಡ, ಖಂಡ ಸೋಮಾರಿ ಆಗತ್ತೆ.

ಹಿಮ್ಮಡಿ ಹಿಂದಿನ ಹಗ್ಗ

ಟೆಂಡನ್ ಕಥೆ ಬೇರೆ. ಉಳುಕು ಒಂದೇ ಕ್ಷಣದಲ್ಲಿ ಆಗತ್ತೆ, ಟೆಂಡನ್ ತಿಂಗಳುಗಟ್ಟಲೆ ಸೋತು ಸೋತು ನೋಯತ್ತೆ. ಬೆಳಿಗ್ಗೆ ಎದ್ದು ಮೊದಲ ಹತ್ತು ಹೆಜ್ಜೆ ಮರದ ಕಾಲು, ಆಮೇಲೆ ಸರಿ ಹೋಗತ್ತೆ, ಸಂಜೆ ವಾಕಿಂಗ್ ಶುರು ಮಾಡಿದಾಗ ನೋವು, ಬಿಸಿ ಆದ್ಮೇಲೆ ಮಾಯ, ರಾತ್ರಿ ಮತ್ತೆ ಹಾಜರ್. ಹಿಮ್ಮಡಿಗಿಂತ ಎರಡು ಮೂರು ಬೆರಳು ಮೇಲೆ ಚಿವುಟಿದ್ರೆ ನೋವು, ಅಲ್ಲೊಂದು ಗಂಟು. ಇದು ಅಕಿಲಿಸ್ ಟೆಂಡನ್.

ಇದರ ವ್ಯಾಯಾಮ ಹುಟ್ಟಿದ ರೀತಿ ನಂಗೆ ಬಹಳ ಇಷ್ಟ. ಸ್ವೀಡನ್ನಿನ ಹಾಕನ್ ಆಲ್ಫ್ರೆಡ್‌ಸನ್ ಅನ್ನೋ ಮೂಳೆ ಡಾಕ್ಟರಿಗೆ ತಮಗೇ ಈ ನೋವು ಇತ್ತು. ಆಪರೇಷನ್ ಮಾಡಿ ಅಂದ್ರೆ ಮೇಲಧಿಕಾರಿ ಒಪ್ಪಲಿಲ್ಲ, ಇಷ್ಟಕ್ಕೆಲ್ಲ ರಜೆ ಕೊಡಕ್ಕಾಗಲ್ಲ ಅಂದ್ರಂತೆ. ಸರಿ, ಇದು ಕಿತ್ತೇ ಹೋಗ್ಲಿ, ಆಗ ಮಾಡ್ಲೇಬೇಕಲ್ಲ ಅಂತ ಅವರು ಬೇಕಂತಲೇ ನೋಯೋ ಹಾಗೆ ಹಿಮ್ಮಡಿ ಇಳಿಸೋ ವ್ಯಾಯಾಮ ಶುರು ಮಾಡಿದ್ರು. ಕಿತ್ತು ಹೋಗ್ಲಿಲ್ಲ, ವಾಸಿ ಆಯ್ತು. 1998ರಲ್ಲಿ 15 ಜನರ ಮೇಲೆ ಮಾಡಿದ್ದನ್ನ ಪ್ರಕಟಿಸಿದ್ರು, ಇವತ್ತಿಗೂ ಪ್ರಪಂಚ ಅದನ್ನೇ ಮಾಡತ್ತೆ.

ಮೆಟ್ಟಿಲ ಅಂಚಲ್ಲಿ ಪಾದದ ಮುಂಭಾಗ ಇಟ್ಟು ನಿಂತ್ಕೊಳ್ಳಿ, ಕಂಬಿ ಹಿಡ್ಕೊಳ್ಳಿ. ಎರಡೂ ಕಾಲಲ್ಲಿ ಮೇಲೇಳಿ. ಒಳ್ಳೇ ಕಾಲನ್ನ ಎತ್ಬಿಡಿ. ಈಗ ನೋವಿರೋ ಕಾಲೊಂದರ ಮೇಲೇ ನಿಧಾನಕ್ಕೆ, ಹಿಮ್ಮಡಿ ಮೆಟ್ಟಿಲಿಗಿಂತ ಕೆಳಗೆ ಹೋಗೋ ತನಕ ಇಳೀರಿ. ಮತ್ತೆ ಮೇಲೇಳೋದು ಒಳ್ಳೇ ಕಾಲಿನ ಸಹಾಯದಲ್ಲಿ. 15 ಸಲ, ಮೂರು ಸುತ್ತು ಮಂಡಿ ನೆಟ್ಟಗೆ, ಇನ್ನು ಮೂರು ಸುತ್ತು ಮಂಡಿ ಸ್ವಲ್ಪ ಮಡಚಿ, ದಿನಕ್ಕೆರಡು ಹೊತ್ತು, 12 ವಾರ. ಲೆಕ್ಕ ಹಾಕಿ, ದಿನಕ್ಕೆ 180. ಸುಲಭ ಆದ್ರೆ ಬ್ಯಾಗಿಗೆ ಅಕ್ಕಿ ತುಂಬಿ ಬೆನ್ನಿಗೆ ಹಾಕ್ಕೊಳ್ಳಿ, ಎರಡು ಕೆಜಿಯಿಂದ ಶುರು. ಅಷ್ಟು ಆಗಲ್ಲ ಅನ್ನೋರಿಗೆ ವಾರಕ್ಕೆ ಮೂರೇ ದಿನ ಜಿಮ್ಮಲ್ಲಿ ಜಾಸ್ತಿ ತೂಕ ನಿಧಾನವಾಗಿ ಎತ್ತೋ ಪದ್ಧತಿ ಇದೆ, ಫಲ ಹೆಚ್ಚುಕಮ್ಮಿ ಅದೇ. ನೋವು ಹಿಮ್ಮಡಿ ಮೂಳೆಗೆ ಅಂಟೋ ಜಾಗದಲ್ಲೇ ಇದ್ರೆ ಮಾತ್ರ ಮೆಟ್ಟಿಲಿಂದ ಕೆಳಗೆ ಇಳಿಸ್ಬೇಡಿ, ಸಮ ನೆಲದ ಮೇಲೇ ಮಾಡಿ.

ಎಷ್ಟು ನೋವು ಸರಿ? ಸೊನ್ನೆಯಿಂದ ಹತ್ತರಲ್ಲಿ ನಾಲ್ಕೈದರ ತನಕ ಬಂದ್ರೂ ಪರವಾಗಿಲ್ಲ, ಆದ್ರೆ ಮಾರನೇ ಬೆಳಿಗ್ಗೆ ಹಿಂದಿನ ಬೆಳಿಗ್ಗೆಗಿಂತ ಜಾಸ್ತಿ ಇರ್ಬಾರದು. ಜಾಸ್ತಿ ಇದ್ರೆ ಭಾರ ಇಳಿಸಿ, ನಿಲ್ಲಿಸ್ಬೇಡಿ. ಇದು ನೋವು ನೋಡಿ ಹೆದರೋರಿಗೂ, ನೋವು ನುಂಗಿ ಮೆರೆಯೋರಿಗೂ ಒಂದೇ ಅಳತೆ.

ಇನ್ನೊಂದು ವಿಷಯ, ದಯವಿಟ್ಟು ಇದನ್ನ ಸ್ಕಿಪ್ ಮಾಡ್ಬೇಡಿ. ಸಿಪ್ರೋಫ್ಲಾಕ್ಸಾಸಿನ್, ಲಿವೋಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್ ಈ ಜಾತಿಯ ಆಂಟಿಬಯೋಟಿಕ್ ಟೆಂಡನ್ನಿಗೆ ಪೆಟ್ಟು ಕೊಡತ್ತೆ, ಕಿತ್ತು ಹೋಗೋ ಹಾಗೂ ಮಾಡತ್ತೆ. ಅಮೆರಿಕದ ಔಷಧಿ ಇಲಾಖೆ 2008ರಲ್ಲೇ ಡಬ್ಬಿ ಮೇಲೆ ಕಪ್ಪು ಚೌಕದ ಎಚ್ಚರಿಕೆ ಹಾಕಿಸ್ತು. ನಮ್ಮಲ್ಲಿ ಭೇದಿಗೆ, ಉರಿಮೂತ್ರಕ್ಕೆ ಚೀಟಿ ಇಲ್ದೆ ಇದನ್ನೇ ತಂದು ನುಂಗ್ತೀವಿ. 60 ದಾಟಿರೋರು, ಸ್ಟೀರಾಯ್ಡ್ ತಗೊಳ್ತಿರೋರು ಇನ್ನೂ ಹುಷಾರು. ಮಾತ್ರೆ ತಗೊಳ್ಳೋವಾಗ ಹಿಮ್ಮಡಿ ಹಿಂದೆ ನೋವು ಶುರುವಾದ್ರೆ ಡಾಕ್ಟರಿಗೆ ಫೋನ್ ಮಾಡಿ, ಬೇರೆ ಜಾತಿ ಮಾತ್ರೆ ಕೇಳಿ.

ಪೂರ್ತಿ ಕಿತ್ತು ಹೋದ್ರೆ ಹಿಂದಿಂದ ಯಾರೋ ಒದ್ದ ಹಾಗಾಗತ್ತೆ, ತಿರುಗಿ ನೋಡಿದ್ರೆ ಯಾರೂ ಇರಲ್ಲ. ಬೋರಲು ಮಲಗಿಸಿ ಮೀನಖಂಡ ಹಿಂಡಿದ್ರೆ ಪಾದ ಅಲ್ಲಾಡಲ್ಲ. ಅವತ್ತೇ ಮೂಳೆ ಡಾಕ್ಟರ್ ಹತ್ರ ಹೋಗ್ಬೇಕು. ಅಚ್ಚರಿ ಅಂದ್ರೆ ಇದಕ್ಕೂ ಆಪರೇಷನ್ ಕಡ್ಡಾಯ ಅಲ್ಲ. ನಾರ್ವೇಲಿ 526 ಜನರ ಮೇಲೆ ಮಾಡಿ 2022ರಲ್ಲಿ ಪ್ರಕಟ ಆದ ಪರೀಕ್ಷೇಲಿ ಒಂದು ವರ್ಷ ಆದ್ಮೇಲೆ ಕಾಲಿನ ಕೆಲಸದಲ್ಲಿ ಆಪರೇಷನ್ ಆದೋರಿಗೂ ಆಗದೋರಿಗೂ ವ್ಯತ್ಯಾಸ ಕಾಣ್ಲಿಲ್ಲ. ಆದ್ರೆ ಮತ್ತೆ ಕಿತ್ತು ಹೋಗಿದ್ದು ಆಪರೇಷನ್ ಇಲ್ದೋರಲ್ಲಿ ನೂರಕ್ಕೆ 6.2, ಆದೋರಲ್ಲಿ 0.6. ನರಕ್ಕೆ ಪೆಟ್ಟಾಗಿದ್ದು ಮಾತ್ರ ಆಪರೇಷನ್ ಆದೋರಲ್ಲೇ ಜಾಸ್ತಿ. ಎರಡೂ ನಂಬರ್ ಇಟ್ಕೊಂಡು ಡಾಕ್ಟರ್ ಜೊತೆ ಮಾತಾಡಿ. ಆಪರೇಷನ್ ಬೇಡ ಅಂದ್ರೂ ಪಾದ ಕೆಳಗೆ ಬಾಗಿಸಿಡೋ ಬೂಟು ಮೊದಲ ದಿನದಿಂದ್ಲೇ ಬೇಕು, ಎಣ್ಣೆ ಹಚ್ಕೊಂಡು ಎರಡು ವಾರ ಕಾದು ಹೋದ್ರೆ ಆ ಆಯ್ಕೆ ಕೈ ತಪ್ಪತ್ತೆ.

ಮೊಣಕೈ, ಹೆಬ್ಬೆರಳು

ಟೆನ್ನಿಸ್ ಎಲ್ಬೋ ಅಂದ್ರೆ ಮೊಣಕೈ ಹೊರಬದಿಯ ಟೆಂಡನ್ ನೋವು, ಅದು ಬರೋಕೆ ಟೆನ್ನಿಸ್ ಆಡ್ಬೇಕಿಲ್ಲ. ಬಟ್ಟೆ ಹಿಂಡೋದು, ಚಪಾತಿ ಲಟ್ಟಿಸೋದು, ಸ್ಕ್ರೂ ಡ್ರೈವರ್ ತಿರುಗಿಸೋದು ಸಾಕು. ಸಚಿನ್ ತೆಂಡೂಲ್ಕರ್ 2004ರಲ್ಲಿ ಆಸ್ಟ್ರೇಲಿಯಾ ವಿರುದ್ಧದ ಬೆಂಗಳೂರು ಟೆಸ್ಟ್ ತಪ್ಪಿಸ್ಕೊಂಡಿದ್ದು ಇದರಿಂದಲೇ, ಮುಂದಿನ ವರ್ಷ ಅವರಿಗೆ ಲಂಡನ್ನಲ್ಲಿ ಆಪರೇಷನ್ನೂ ಆಯ್ತು. ಅದನ್ನ ನೋಡಿ ನಮ್ಗೂ ಬೇಕು ಅಂದ್ಕೋಬೇಡಿ, ನಾವು ಮೂರು ಪೌಂಡ್ ಬ್ಯಾಟ್ ಬೀಸ್ತಾ ಇಲ್ಲ, ಬಹುತೇಕರಿಗೆ ವರ್ಷದೊಳಗೆ ತಾನಾಗೇ ಇಳಿಯತ್ತೆ.

ಇಲ್ಲಿ ಆಸೆ ಹುಟ್ಟಿಸೋದು ಸ್ಟೀರಾಯ್ಡ್ ಇಂಜೆಕ್ಷನ್. ಹಾಕಿಸಿದ ವಾರಕ್ಕೆ ನೋವು ಮಂಗಮಾಯ. ಆಸ್ಟ್ರೇಲಿಯಾದಲ್ಲಿ 165 ಜನರ ಮೇಲೆ ಮಾಡಿ 2013ರಲ್ಲಿ ಬಂದ ಅಧ್ಯಯನದಲ್ಲಿ ವರ್ಷದೊಳಗೆ ನೋವು ಮರುಕಳಿಸಿದ್ದು ಸ್ಟೀರಾಯ್ಡ್ ಆದೋರಲ್ಲಿ ನೂರಕ್ಕೆ 54, ಬರೀ ಉಪ್ಪುನೀರು ಚುಚ್ಚಿದೋರಲ್ಲಿ 12. ಇಂಜೆಕ್ಷನ್ ಬದಲು ಒಂದು ಲೀಟರ್ ನೀರಿನ ಬಾಟ್ಲಿ ತಗೊಳ್ಳಿ. ಮುಂಗೈ ಟೇಬಲ್ ಮೇಲೆ, ಅಂಗೈ ಕೆಳಮುಖ, ಮಣಿಕಟ್ಟು ಅಂಚಿಂದ ಆಚೆ. ಇನ್ನೊಂದು ಕೈಯಿಂದ ಬಾಟ್ಲಿ ಮೇಲೆತ್ತಿ, ನೋವಿರೋ ಕೈಯಿಂದ ನಾಲ್ಕೆಣಿಸಿ ಇಳಿಸಿ, 15ರಂತೆ ಮೂರು ಸುತ್ತು. ಭಾರ ಅನ್ನಿಸಿದ್ರೆ ಬಾಟ್ಲಿ ಅರ್ಧ ತುಂಬಿ. ಚೀಲ ಎತ್ತೋವಾಗ ಅಂಗೈ ಮೇಲ್ಮುಖ ಇರ್ಲಿ, ಬಟ್ಟೆನ ನಲ್ಲಿಗೆ ಸುತ್ತಿ ಹಿಂಡಿ.

ಹಾಗಂತ ಸ್ಟೀರಾಯ್ಡ್ ಎಲ್ಲಾ ಕಡೆ ಕೆಟ್ಟದ್ದಲ್ಲ. ನಮ್ಮ ಚಿಕ್ಕಮ್ಮ ಸುಗ್ಗೀಲಿ ಮೆಟ್ಟುಗತ್ತಿ ಮೇಲೆ ಕೂತು ಅಡಿಕೆ ಸುಲಿದು ಸುಲಿದು ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಪಕ್ಕ ಊತ ಬರಿಸ್ಕೊಂಡಿದ್ರು. ಹೆಬ್ಬೆರಳನ್ನ ಮುಷ್ಟಿಯೊಳಗೆ ಹಾಕಿ ಕೈನ ಕಿರುಬೆರಳ ಕಡೆ ಬಾಗಿಸಿದ್ರೆ ಕೂಗ್ತಿದ್ರು. ಮಗು ಎತ್ತಿ ಎತ್ತಿ ಬಾಣಂತಿಯರಿಗೂ ಇದೇ ಬರತ್ತೆ, ಸ್ವಿಟ್ಜರ್‌ಲ್ಯಾಂಡಿನ ಡಿ ಕರ್ವೇನ್ ಅನ್ನೋ ಸರ್ಜನ್ 1895ರಲ್ಲಿ ಗುರುತಿಸಿದ್ದು. ಇಲ್ಲಿ ಟೆಂಡನ್ ಓಡಾಡೋ ಕೊಳವೆ ದಪ್ಪ ಆಗಿರತ್ತೆ, ಅದಕ್ಕೇ ಒಂದು ಇಂಜೆಕ್ಷನ್ನು, ಹೆಬ್ಬೆರಳಿಗೆ ಕೆಲವು ವಾರ ಸ್ಪ್ಲಿಂಟು ಸೇರಿದ್ರೆ ಬಹಳ ಜನಕ್ಕೆ ಮುಗಿದೇ ಹೋಗತ್ತೆ. ಚಿಕ್ಕಮ್ಮಂಗೂ ಮುಗೀತು. ಸ್ಪ್ಲಿಂಟ್ ಹಾಕ್ಕೊಂಡು ಸುಮ್ನೆ ಕೂರಿಸೋದೇ ಕಷ್ಟ ಆಗಿದ್ದು, ಕೆಲಸಕ್ಕೆ ಬಂದೋರ ಮುಂದೆ ಸುಮ್ನೆ ಕೂತ್ರೆ ಮರ್ಯಾದೆ ಹೋಗತ್ತೆ ಅಂತ ಅವರಿಗೆ.

ಪಿಆರ್‌ಪಿ ಅಂತ ನಮ್ಮದೇ ರಕ್ತ ತೆಗೆದು ತಿರುಗಿಸಿ ಚುಚ್ಚೋದು ಈಗ ದೊಡ್ಡ ಊರುಗಳಲ್ಲಿ ಜೋರಾಗಿದೆ, ಸಾವಿರಾರು ರೂಪಾಯಿ. ಅಕಿಲಿಸ್ ಟೆಂಡನ್ ನೋವಿಗೆ ಇದನ್ನ 2021ರಲ್ಲಿ ಇಂಗ್ಲೆಂಡಿನೋರು 240 ಜನರಲ್ಲಿ ಸುಳ್ಳು ಇಂಜೆಕ್ಷನ್ ಜೊತೆ ಹೋಲಿಸಿದ್ರು, ಲಾಭ ಕಾಣ್ಲಿಲ್ಲ. ನಾನಾದ್ರೆ ಆ ದುಡ್ಡನ್ನ ಹತ್ತು ಸಲ ಫಿಸಿಯೋಗೆ ಕೊಡ್ತೀನಿ.

ಮಂಡಿ

ಎಂಆರ್‌ಐ ರಿಪೋರ್ಟಲ್ಲಿ ಎಸಿಎಲ್ ಟೇರ್, ಅಂದ್ರೆ ಮಂಡಿಯೊಳಗಿನ ಒಂದು ಮುಖ್ಯ ಲಿಗಮೆಂಟ್ ಹರಿದಿದೆ ಅಂತ ಬಂದ ಕೂಡ್ಲೇ ಮನೇಲಿ ಸಾವಿನ ವಾತಾವರಣ. ಸ್ವೀಡನ್ನಲ್ಲಿ ಎಸಿಎಲ್ ಹರಿದ 121 ಯುವ ಆಟಗಾರರನ್ನ ಎರಡು ಗುಂಪು ಮಾಡಿ, ಒಂದಕ್ಕೆ ಬೇಗ ಆಪರೇಷನ್, ಇನ್ನೊಂದಕ್ಕೆ ಮೊದಲು ವ್ಯಾಯಾಮ, ಬೇಕಾದ್ರೆ ಆಮೇಲೆ ಆಪರೇಷನ್ ಅಂತ ಕೊಟ್ರು. 2010ರಲ್ಲಿ ಪ್ರಕಟ ಆದ ಎರಡು ವರ್ಷದ ಫಲಿತಾಂಶದಲ್ಲಿ ಗುಂಪು ಗುಂಪಿಗೆ ವ್ಯತ್ಯಾಸ ಇರ್ಲಿಲ್ಲ, ವ್ಯಾಯಾಮದ 59 ಜನರಲ್ಲಿ ಅಷ್ಟೊತ್ತಿಗೆ ಆಪರೇಷನ್ ಮಾಡಿಸ್ಕೊಂಡಿದ್ದು 23. ಐದು ವರ್ಷಕ್ಕೆ ಅದು 30 ಆಯ್ತು, ಅಂದ್ರೆ ಹೆಚ್ಚುಕಮ್ಮಿ ಅರ್ಧ ಜನ ತಪ್ಪಿಸ್ಕೊಂಡ್ರು, ಅರ್ಧ ಜನಕ್ಕೆ ಬೇಕೇ ಬೇಕಾಯ್ತು. ಹಾಗಾಗಿ ಮೂರು ತಿಂಗಳು ತೊಡೆ ಮತ್ತೆ ಸೊಂಟದ ಖಂಡ ಗಟ್ಟಿ ಮಾಡಿ ನೋಡೋದ್ರಲ್ಲಿ ನಷ್ಟ ಕಮ್ಮಿ. ಮೆಟ್ಟಿಲು ಇಳಿಯೋವಾಗ ಮಂಡಿ ಜಾರಿ ಕುಸಿಯೋದು ಆಮೇಲೂ ನಿಲ್ಲದೇ ಇದ್ರೆ, ಕಬಡ್ಡಿ ಫುಟ್ಬಾಲ್ ಬಿಡೋಕಾಗಲ್ಲ ಅಂದ್ರೆ ಆಪರೇಷನ್ ಮಾಡಿಸಿ, ಅದು ಸೋಲಲ್ಲ. ಮಂಡಿ ಮಡಚಿದ್ದು ಮಡಚಿದ ಹಾಗೇ ಲಾಕ್ ಆಗಿ ಬಿಡಿಸೋಕೇ ಬರ್ತಾ ಇಲ್ಲ ಅಂದ್ರೆ ಮೂರು ತಿಂಗಳು ಅಲ್ಲ, ಮೂರು ದಿನಾನೂ ಕಾಯ್ಬೇಡಿ.

ಬೆರಳು

ಕೊನೇದು ಸಣ್ಣದು, ಆದ್ರೆ ಗಲ್ಲಿ ಕ್ರಿಕೆಟ್ ಆಡೋ ಮನೇಲೆಲ್ಲ ಒಬ್ರಿಗೆ ಇರತ್ತೆ. ಕ್ಯಾಚ್ ಹಿಡಿಯೋವಾಗ ಬಾಲ್ ಬೆರಳ ತುದಿಗೆ ಬಡಿದು, ಆಮೇಲಿಂದ ತುದಿ ಗೆಣ್ಣು ಕೆಳಗೆ ಜೋತು ಬೀಳತ್ತೆ, ಸ್ವಂತ ಶಕ್ತಿಯಿಂದ ಎತ್ತೋಕಾಗಲ್ಲ. ಮೇಲಿನ ಟೆಂಡನ್ ಕಿತ್ತಿರತ್ತೆ. ಮೂಳೆ ಚೂರು ದೊಡ್ಡದಾಗಿ ಬಂದಿದೆಯಾ ಅಂತ ಒಂದು ಎಕ್ಸ್‌ರೇ, ಇಲ್ಲಾಂದ್ರೆ ಪ್ಲಾಸ್ಟಿಕ್ ಇಲ್ಲಾ ಅಲ್ಯೂಮಿನಿಯಂ ಸ್ಪ್ಲಿಂಟ್ ಹಾಕಿ ತುದಿ ಗೆಣ್ಣನ್ನ ಮಾತ್ರ ನೆಟ್ಟಗಿಡೋದು, ಮಧ್ಯದ ಗೆಣ್ಣು ಆಡ್ತಾ ಇರ್ಬೇಕು. 6ರಿಂದ 8 ವಾರ, ಹಗಲೂ ರಾತ್ರೀನೂ. ಸ್ನಾನಕ್ಕೂ ತೆಗೆಯೋ ಹಾಗಿಲ್ಲ, ಕವರ್ ಕಟ್ಕೊಳ್ಳಿ. ತೊಳೆಯೋಕೆ ತೆಗೆದ್ರೂ ಬೆರಳನ್ನ ಟೇಬಲ್ ಮೇಲೆ ಚಪ್ಪಟೆ ಒತ್ತಿ ಇಟ್ಕೊಂಡೇ ಸ್ಪ್ಲಿಂಟ್ ಜಾರಿಸಿ ತೆಗೀಬೇಕು, ಒರೆಸ್ಬೇಕು, ಮತ್ತೆ ಹಾಗೇ ಹಾಕ್ಬೇಕು. ಒಂದು ಸಲ ಬಾಗಿದ್ರೂ ಹೊಸ ನಾರು ಕಿತ್ಕೊಂಡು ಹೋಗತ್ತೆ, ಲೆಕ್ಕ ಮತ್ತೆ ಒಂದನೇ ದಿನದಿಂದ. ನಮ್ಮ ಅಕ್ಕನ ಮಗ ಗೋಡೆ ಮೇಲೆ ಪೆನ್ಸಿಲಲ್ಲಿ ಗೀಟು ಎಳೆದು ದಿನ ಎಣಿಸ್ತಿದ್ದ. 37ನೇ ದಿನ ಸ್ಪ್ಲಿಂಟ್ ಕಡೀತಿದೆ ಅಂತ ತೆಗೆದು, ಹಾಗೇ ಮರೆತು ಶೂ ಲೇಸ್ ಕಟ್ಟಿದ. ಸಂಜೆ ಹೋದಾಗ ನೋಡ್ತೀನಿ, ಗೋಡೆ ಮೇಲಿನ ಅಷ್ಟೂ ಗೀಟು ರಬ್ಬರಲ್ಲಿ ಅಳಿಸಿ, ಪಕ್ಕದಲ್ಲಿ ಹೊಸದಾಗಿ ಒಂದೇ ಒಂದು ಗೀಟು ಎಳೆದಿದ್ದ.